ತಾರಿಹಾಳದ ದಾರಿಯಲ್ಲಿ

ಹೋದ ರವಿವಾರ ಮೊಮ್ಮಗನ ಜೊತೆ ಹುಬ್ಬಳ್ಳಿಯಿಂದ ತಾರಿಹಾಳದ ಬಸ್ಸು ಹತ್ತಿದೆ. ಗೋಕುಲ ರಸ್ತೆಯ ಗದ್ದಲ ಹಿಂದಾದಂತೆ ಕಾರ್ಖಾನೆಗಳ ತಗಡಿನ ಶೆಡ್ಡುಗಳು, ಸಾಲು ಲಾರಿಗಳು. ನಾನು ನೌಕರಿಯಲ್ಲಿದ್ದಾಗ ಇಲ್ಲಿ ಸೈಕಲ್ ತುಳಿದರೆ ಕಾಣುತ್ತಿದ್ದುದು ಹೆಚ್ಚಾಗಿ ಎರೆಹೊಲಗಳೇ.

ಒಂಬತ್ತನೇ ಇಯತ್ತೆಯ ಹುಡುಗನಿಗೆ ಮಾತ್ರ ತಾನು ನೋಡುತ್ತಿರುವ ಜಪಾನಿನ ಕಾರ್ಟೂನ್ ಧಾರಾವಾಹಿಯದೇ ಧ್ಯಾನ. ಹೆಸರು ‘ಡೆತ್ ನೋಟ್’; 2006ರಲ್ಲಿ ಶುರುವಾದದ್ದು, 37 ಕಂತು. ಲೈಟ್ ಯಾಗಾಮಿ ಎಂಬ ಜಾಣ ವಿದ್ಯಾರ್ಥಿಗೆ ಒಂದು ನೋಟ್‌ಬುಕ್ ಸಿಗುತ್ತದೆ. ಅದರಲ್ಲಿ ಯಾರ ಹೆಸರು ಬರೆದರೆ ಅವರು ಸಾಯುತ್ತಾರೆ. ಅವನು ಅಪರಾಧಿಗಳ ಹೆಸರು ಬರೆಯತೊಡಗುತ್ತಾನೆ.

“ಕೆಟ್ಟವರನ್ನಷ್ಟ ಕೊಲ್ತಾನಜ್ಜಾ. ತಪ್ಪೇನೈತಿ?”

ನಾನು ಗದರಲಿಲ್ಲ. ಕಂಪನಿ ನಾಟಕದಲ್ಲಿ ಸಿಂಧೂರ ಲಕ್ಷ್ಮಣ ಬಂದರೆ ಸಿಳ್ಳೆ ಹೊಡೆದವರು ನಾವು. ಉಳ್ಳವರನ್ನು ದೋಚಿ ಇಲ್ಲದವರಿಗೆ ಹಂಚಿದನೆಂದು ಬ್ರಿಟಿಷರ ಕಾಲದ ಆ ಬಂಟನನ್ನು ನಮ್ಮ ಸೀಮೆ ಇಂದಿಗೂ ನೆನೆಯುತ್ತದೆ. ಅನ್ಯಾಯ ಕಂಡವರಿಗೆ ಇಂಥವನೊಬ್ಬ ಬೇಕೆನಿಸುವುದು ಸಹಜ.

ಆದರೆ ನನ್ನ ಕೈಯಲ್ಲೂ ಒಂದು ಪುಸ್ತಕವಿತ್ತು, ಬ್ಯಾಂಕಿನ ಲೆಡ್ಜರ್. ಅದರಲ್ಲಿ ಗುಮಾಸ್ತ ಬರೆದದ್ದನ್ನು ಅಧಿಕಾರಿ ತಾಳೆ ನೋಡಿ ಸಹಿ ಹಾಕಬೇಕು. ಒಂದು ವರ್ಷ ಮಾರ್ಚ್ ಕೊನೆಯ ಗಡಿಬಿಡಿ. ಸಾಲ ಕಟ್ಟದವರ ಪಟ್ಟಿಯಲ್ಲಿ ನಾನು ತಾರಿಹಾಳದ ಒಬ್ಬರ ಹೆಸರು ಬರೆದೆ. ಸಾಲಗಾರ ಬೇರೆ, ಇಬ್ಬರಿಗೂ ಒಂದೇ ಹೆಸರು, ಒಂದೇ ಅಡ್ಡಹೆಸರು. ಅವಸರದಲ್ಲಿ ಅಧಿಕಾರಿಯೂ ಸಹಿ ಹಾಕಿಬಿಟ್ಟರು. ನೋಟೀಸು ಮುಟ್ಟಿದ್ದು ಆ ಹಿರಿಯರ ಮಗಳ ನಿಶ್ಚಯದ ದಿನ, ಬೀಗರ ಎದುರಿಗೆ!

ಮರುದಿನವೇ ಸೈಕಲ್ ತುಳಿದು ಬಂದು ಕೈಮುಗಿದೆ. ಅವರು ಬೆಲ್ಲ-ನೀರು ಕೊಟ್ಟು ಒಂದೇ ಮಾತು ಅಂದರು: “ಹೆಸರು ಬರಕೊಂಡ್ರಿ ಸಾಹೇಬ್ರ, ಮಾರಿ ನೋಡ್ಲಿಲ್ಲ.” ಬೀಗರ ಮನೆಗೂ ಹೋಗಿ ತಪ್ಪು ನನ್ನದೆಂದು ಹೇಳಿಬಂದೆ. ಮದುವೆಯಾಯಿತು. ಲೆಡ್ಜರಿನಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಮೊಮ್ಮಗ ಕಣ್ಣರಳಿಸಿದ. “ಆ ನೋಟ್‌ಬುಕ್ಕಿಗೂ ಹಂಗ ನಿಯಮ ಐತಜ್ಜಾ! ಮಾರಿ ನೆನಸ್ಕೊಂಡ ಬರೀಬೇಕು. ಇಲ್ಲಾಂದ್ರ ಅದು ಕೆಲಸಾನ ಮಾಡಂಗಿಲ್ಲ. ಅದಕ್ಕ ಅದ ಹೆಸರಿನ ಬ್ಯಾರೆಯವ್ರು ಸಾಯಂಗಿಲ್ಲ.”

“ಮಾರಿ ಗೊತ್ತಾತು. ತಪ್ಪು ಅವಂದ ಅನ್ನೋದನ್ನ ತಾಳೆ ನೋಡವರು ಯಾರು? ನಿನ್ನ ಲೈಟ್ ತಾನ ಬರೀತಾನ, ತಾನ ಸಹಿ ಹಾಕ್ತಾನ. ತಪ್ಪಿದ್ರ ಕೆಂಪು ಗೆರಿ ಎಲ್ಲಿ ಎಳೀತಾನ?”

ಹುಡುಗ ಕಿಟಕಿಯಾಚೆ ನೋಡುತ್ತ ಕುಳಿತ. ಇಳಿಯುವಾಗ ಮೆಲ್ಲಗೆ ಅಂದ: “ಆಮ್ಯಾಲೆ ತನ್ನ ಹಿಡಿಯಾಕ ಬಂದ ಪೊಲೀಸರ ಹೆಸರೂ ಬರದನಜ್ಜಾ ಅವ.”

ಆ ಹಿರಿಯರು ಈಗಿಲ್ಲ. ಅವರ ಮಗನ ಹೊಸ ಮನೆಯ ಪ್ರವೇಶಕ್ಕೇ ನಾವು ಹೋದದ್ದು. ಬಾಗಿಲಲ್ಲಿ ಆತ ನನ್ನ ಮೊಮ್ಮಗನ ಗದ್ದ ಹಿಡಿದು ಮುಖ ನೋಡಿದ. ಆಮೇಲೆ ಹೆಸರು ಕೇಳಿದ.