ಕಿವಿಯೋಲೆಯಲ್ಲಿ ನಗುವ ತಲೆಬುರುಡೆ

ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಂತೆ ಮೆಕ್ಸಿಕೋ ದೇಶದ ಸಂತೆಗಳಲ್ಲಿ ಒಂದು ಬಗೆಯ ಒಡವೆಗಳು ತೂಗಾಡತೊಡಗುತ್ತವೆ. ಬೆಳ್ಳಿಯ ತಲೆಬುರುಡೆಯ ಓಲೆ, ತಾಮ್ರದ ತಗಡಿನಲ್ಲಿ ಕತ್ತರಿಸಿದ ಅಸ್ಥಿಪಂಜರದ ಪದಕ, ಮಣ್ಣಿನಲ್ಲಿ ಮಾಡಿ ಬಣ್ಣ ಬಳಿದ ಪುಟ್ಟ ಬುರುಡೆಗಳ ಸರ. ಜೊತೆಗೇ ಚೆಂಡುಹೂವಿನ ಜುಮಕಿ, ಚಿಟ್ಟೆಯ ರೆಕ್ಕೆಯ ಪದಕ. ಕೊಳ್ಳುವವರಲ್ಲಿ ಅಜ್ಜಿಯರಿರುತ್ತಾರೆ, ಕಾಲೇಜು ಹುಡುಗಿಯರಿರುತ್ತಾರೆ, ಅಮ್ಮನ ಕೈ ಹಿಡಿದ ಮಕ್ಕಳೂ ಇರುತ್ತಾರೆ. ಬುರುಡೆಯನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಅದು ಹೆದರಿಸುವಂಥ ಬುರುಡೆಯೂ ಅಲ್ಲ. ಹಣೆಯ ಮೇಲೆ ಹೂಬಳ್ಳಿ, ಕಣ್ಣಿನ ಗುಳಿಯ ಸುತ್ತ ದಳಗಳು, ಬಾಯ್ತುಂಬ ನಗು!

ಸಾವಿನ ಗುರುತನ್ನು ಅಲಂಕಾರವಾಗಿ ಮೈಮೇಲೆ ತೊಡುವುದೇ? ಮೊದಲ ಸಲ ನೋಡುವವರಿಗೆ ಹೀಗೆನಿಸುವುದು ಸಹಜ. ಇದಕ್ಕೆ ಉತ್ತರ ನವೆಂಬರ್ 1 ಮತ್ತು 2ರಂದು ಅಲ್ಲಿನ ಮನೆಗಳ ಒಳಗೆ ಸಿಗುತ್ತದೆ.

ಆ ಎರಡು ದಿನಗಳ ಹಬ್ಬಕ್ಕೆ ‘ದಿಯಾ ದೆ ಮುಯೆರ್ತೋಸ್’ ಎಂದು ಹೆಸರು. ಅಂದರೆ ಸತ್ತವರ ದಿನ. ಮೊದಲ ದಿನ ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೆ, ಎರಡನೆಯ ದಿನ ದೊಡ್ಡವರಿಗೆ ಎಂಬುದು ಹೆಚ್ಚಿನ ಕಡೆಯ ರೂಢಿ. ಮನೆಯ ಮೂಲೆಯೊಂದರಲ್ಲಿ ಮೇಜು ಹಾಕಿ, ಹೋದವರ ಭಾವಚಿತ್ರ ಇಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ದೂರದಿಂದ ಬಂದವರ ಬಾಯಾರಿಕೆಗೆಂದು ಒಂದು ಲೋಟ ನೀರು, ಜೊತೆಗೆ ಉಪ್ಪು, ಸಿಹಿ ಬ್ರೆಡ್ಡು, ಅವರು ಇಷ್ಟಪಡುತ್ತಿದ್ದ ಅಡುಗೆ. ಹೊಸ್ತಿಲಿನಿಂದ ಆ ಮೇಜಿನವರೆಗೆ ಚೆಂಡುಹೂವಿನ ದಳಗಳ ದಾರಿ. ಹೂವಿನ ಬಣ್ಣ, ವಾಸನೆಯ ಜಾಡು ಹಿಡಿದು ಹೋದವರು ಮನೆಗೆ ಬಂದು ಹೋಗುತ್ತಾರೆಂಬುದು ನಂಬಿಕೆ. ಸಕ್ಕರೆಯಲ್ಲಿ ಮಾಡಿದ ಬುರುಡೆಗಳ ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಎಷ್ಟೋ ಸಲ ಅದು ಬದುಕಿರುವ ಗೆಳೆಯನ ಹೆಸರೇ ಆಗಿರುತ್ತದೆ! ‘ನಿನ್ನ ಸರದಿಯೂ ಬರುತ್ತದಪ್ಪಾ’ ಎಂಬ ತಮಾಷೆ ಅದು. ಮಕ್ಕಳು ಆ ಬುರುಡೆಯನ್ನು ಕಟಕಟನೆ ಕಡಿದು ತಿನ್ನುತ್ತಾರೆ.

ಈ ಹಬ್ಬ ಋತುವಿನ ಹಬ್ಬವೂ ಹೌದು. ಸ್ಪೇನಿನವರು ಬರುವ ಮೊದಲೇ ಅಲ್ಲಿನ ಮೂಲನಿವಾಸಿಗಳಲ್ಲಿ ಸತ್ತವರ ಆಚರಣೆಗಳಿದ್ದವು. ಕ್ರೈಸ್ತ ಧರ್ಮ ಬಂದ ಮೇಲೆ ಅವು ಚರ್ಚಿನ ಸಕಲ ಸಂತರ ಹಾಗೂ ಸಕಲ ಆತ್ಮಗಳ ದಿನಗಳೊಂದಿಗೆ ಬೆರೆತವು. ಮಳೆಗಾಲ ಮುಗಿದು, ಮೆಕ್ಕೆಜೋಳದ ಕೊಯ್ಲು ನಡೆಯುವ ಕಾಲವದು. ಹೊಲದ ವರ್ಷ ಮುಗಿಯುವಾಗ ಹಿರಿಯರಿಗೂ ಒಂದು ಪಾಲು. ಯುನೆಸ್ಕೊ ಸಂಸ್ಥೆ 2008ರಲ್ಲಿ ಈ ಹಬ್ಬವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗಾಗಿ ಒಡವೆ ಮಾಡುವವರ ಕೈಗೆ ಮೊದಲು ಸಿಗುವುದು ಆ ಕಾಲದ ಹೂವೇ. ನಾವಾತ್ಲ್ ಭಾಷೆಯಿಂದ ಬಂದ ಅದರ ಹೆಸರು ‘ಸೆಂಪಾಸೂಚಿಲ್’. ಮೂಲದ ಅರ್ಥ ‘ಇಪ್ಪತ್ತು ಹೂ’. ಒಂದೇ ಹೂವಿನಲ್ಲಿ ಅಷ್ಟೊಂದು ದಳಗಳು! ಹಗಲು ಕಿರಿದಾಗುತ್ತಾ ಬಂದಾಗ ಚೆನ್ನಾಗಿ ಮೊಗ್ಗು ಬಿಡುವ ಗಿಡವಿದು. ಈ ಹೂವು ಕನ್ನಡನಾಡಿಗೆ ಹೊಸದೇನಲ್ಲ. ಆಯುಧಪೂಜೆಯಂದು ಬಸ್ಸು, ಲಾರಿಗಳ ಮೂತಿಗೆ ಕಟ್ಟುವ, ದೀಪಾವಳಿಯಲ್ಲಿ ಬಾಗಿಲಿಗೆ ತೂಗುವ ಚೆಂಡುಹೂವಿನ ತವರು ಮೆಕ್ಸಿಕೋದ ಸೀಮೆಯೇ. ಯುರೋಪಿನವರ ಹಡಗುಗಳಲ್ಲಿ ಬೀಜವಾಗಿ ಬಂದು ಇಲ್ಲಿಯದೇ ಆಗಿಬಿಟ್ಟಿತು.

ಹೂವಿನ ಬೆನ್ನಿಗೇ ಚಿಟ್ಟೆ ಬರುತ್ತದೆ. ಕಿತ್ತಳೆ ರೆಕ್ಕೆಗೆ ಕಪ್ಪು ಗೆರೆಗಳಿರುವ ಮೊನಾರ್ಕ್ ಚಿಟ್ಟೆಗಳು ಕೆನಡಾ ಹಾಗೂ ಅಮೆರಿಕದಿಂದ ಸಾವಿರಾರು ಕಿಲೋಮೀಟರ್ ಹಾರಿ, ನವೆಂಬರ್ ಆರಂಭದ ಹೊತ್ತಿಗೆ ಮೆಕ್ಸಿಕೋದ ಮಿಚೋಕಾನ್ ಸೀಮೆಯ ಬೆಟ್ಟದ ಕಾಡುಗಳನ್ನು ಸೇರುತ್ತವೆ. ಸತ್ತವರ ಆತ್ಮಗಳೇ ಚಿಟ್ಟೆಯಾಗಿ ಬರುತ್ತವೆಂದು ಅಲ್ಲಿನ ಜನ ನಂಬಿದ್ದು ಅದಕ್ಕೇ. ವಿಜ್ಞಾನ ಹೇಳುವುದೂ ಕಡಿಮೆ ಸೋಜಿಗದ್ದಲ್ಲ. ಮಾರ್ಚ್‌ನಲ್ಲಿ ಉತ್ತರಕ್ಕೆ ಹೊರಟ ಚಿಟ್ಟೆ ಮತ್ತೆಂದೂ ಮರಳುವುದಿಲ್ಲ. ಮೂರು ನಾಲ್ಕು ತಲೆಮಾರು ಕಳೆದು, ಆ ಕಾಡನ್ನು ಎಂದೂ ಕಾಣದ ಮರಿಮಕ್ಕಳು ಅದೇ ಬೆಟ್ಟಗಳಿಗೆ ಬರುತ್ತವೆ!

ಬುರುಡೆಯ ಒಡವೆಗೆ ವಯಸ್ಸು ಬಹಳ. 1932ರ ಜನವರಿಯಲ್ಲಿ ಪುರಾತತ್ತ್ವಜ್ಞ ಅಲ್ಫೋನ್ಸೋ ಕಾಸೋ ಓಹಾಕಾ ಪಟ್ಟಣದ ಬಳಿಯ ಮೋಂತೆ ಅಲ್ಬಾನ್ ಬೆಟ್ಟದಲ್ಲಿ ಏಳನೇ ಸಂಖ್ಯೆಯ ಗೋರಿಯನ್ನು ತೆರೆದಾಗ, ಮಿಶ್ತೆಕ್ ಜನರ ಕುಸುರಿಯ ಚಿನ್ನದ ರಾಶಿಯೇ ಸಿಕ್ಕಿತು. ಮೇಣದ ಅಚ್ಚಿನಿಂದ ಎರಕ ಹೊಯ್ದ ಒಂದು ಎದೆಪದಕದಲ್ಲಿ ಮಾಂಸವಿಲ್ಲದ ದವಡೆಯ ಮುಖವಿತ್ತು. ತಲೆಬುರುಡೆಯೊಂದಕ್ಕೆ ವೈಡೂರ್ಯದಂಥ ನೀಲಿ ಹಸಿರು ಕಲ್ಲಿನ ಚೂರುಗಳನ್ನು ಅಂಟಿಸಿದ್ದರು. ಸ್ಪೇನಿನವರ ಕಾಲದಲ್ಲಿ ತಂತಿ ಕುಸುರಿಯ ಕಸುಬು ಬಂದು ಓಹಾಕಾದಲ್ಲಿ ಬೇರೂರಿತು. 1931ರಲ್ಲಿ ಅಮೆರಿಕದ ವಿಲಿಯಂ ಸ್ಪ್ರಾಟ್ಲಿಂಗ್ ಟಾಸ್ಕೋ ಎಂಬ ಗಣಿಯೂರಿನಲ್ಲಿ ಬೆಳ್ಳಿ ಕೆಲಸದ ಕಾರ್ಯಾಗಾರ ತೆರೆದ. ಅಲ್ಲಿ ಕಲಿತವರು ತಮ್ಮದೇ ಅಂಗಡಿಗಳನ್ನಿಟ್ಟು, ಊರಿಗೆ ಊರೇ ಅಕ್ಕಸಾಲಿಗರದ್ದಾಯಿತು.

ಬೆಳ್ಳಿಯ ಬುರುಡೆಯನ್ನು ಕೈಯಲ್ಲಿ ಮಾಡುವ ಬಗೆ ನೋಡತಕ್ಕದ್ದು. ತಗಡನ್ನು ಕೂದಲೆಳೆಯಂಥ ಗರಗಸದಲ್ಲಿ ಕೊಯ್ದು, ಅರ ಹಾಕಿ ಅಂಚು ನಯಗೊಳಿಸುತ್ತಾರೆ. ಗುಂಡಗಿನ ಕುಳಿಯಲ್ಲಿಟ್ಟು ಬಡಿದರೆ ಹಣೆ ಉಬ್ಬುತ್ತದೆ. ಉಳಿಯ ತುದಿಯಿಂದ ಹೂ ಕೊರೆದು, ಕೊಂಡಿ ಬೆಸೆಯುತ್ತಾರೆ. ಆಮೇಲೆ ಅದನ್ನು ಗಂಧಕದ ದ್ರಾವಣದಲ್ಲಿ ಅದ್ದಿದರೆ ಬೆಳ್ಳಿಯೆಲ್ಲ ಕರ್‍ರಗಾಗುತ್ತದೆ. ಉಬ್ಬಿದ ಕಡೆ ಮಾತ್ರ ತಿಕ್ಕಿ ಮೆರುಗು ಕೊಡುತ್ತಾರೆ. ಕಣ್ಣಿನ ಗುಳಿಯಲ್ಲಿ, ಹಲ್ಲಿನ ಸಂದಿಯಲ್ಲಿ ಕಪ್ಪು ಹಾಗೆಯೇ ಉಳಿಯುತ್ತದೆ. ಅದನ್ನೂ ತಿಕ್ಕಿ ತೆಗೆದರೆ ಮುಖವೇ ಕಾಣದು.

ಈ ನಗುಮುಖವನ್ನು ಮನೆಮಾತಾಗಿಸಿದವನು ಹೊಸೆ ಗ್ವಾದಲೂಪೆ ಪೊಸಾದಾ (1852–1913). ಅಗ್ಗದ ಕಾಗದಗಳಲ್ಲಿ ಅಚ್ಚಾಗುತ್ತಿದ್ದ ಅವನ ಚಿತ್ರಗಳಲ್ಲಿ ಹೂವಿನ ಟೋಪಿಯ ಒಬ್ಬ ಅಸ್ಥಿಪಂಜರದ ಹೆಂಗಸಿದ್ದಳು. ತಮ್ಮ ಬೇರು ಮರೆತು ಯುರೋಪಿನವರಂತೆ ಮೆರೆಯುವವರನ್ನು ಅವನು ಅವಳ ಮೂಲಕ ಗೇಲಿ ಮಾಡಿದ. 1947ರಲ್ಲಿ ದಿಯೆಗೋ ರಿವೇರಾ ಒಂದು ದೊಡ್ಡ ಭಿತ್ತಿಚಿತ್ರದಲ್ಲಿ ಅವಳಿಗೆ ಪೂರ್ತಿ ಮೈಕೊಟ್ಟು, ಕೊರಳಿಗೆ ಗರಿಯುಳ್ಳ ಸರ್ಪವನ್ನು ಹೊದಿಸಿದ. ಅವಳೇ ಇಂದು ಓಲೆ, ಪದಕಗಳಲ್ಲೆಲ್ಲ ಕಾಣುವ ‘ಕತ್ರೀನಾ’. ಆ ಚಿತ್ರದಲ್ಲಿ ಅವಳ ಎಲುಬಿನ ಕೈ ಹಿಡಿದು ನಿಂತಿರುವ ಹುಡುಗ, ಬಾಲಕ ರಿವೇರಾ. ಜೇಬಿನಲ್ಲಿ ಕಪ್ಪೆ, ಹಾವು, ಮುಖದಲ್ಲಿ ಹೆದರಿಕೆಯಿಲ್ಲ.

ಹೆತ್ತವರು ನಿಂತು ನೋಡಬೇಕಾದ ಚಿತ್ರವದು. ಮನೆಯಲ್ಲಿ ಸಾವು ಸಂಭವಿಸಿದಾಗ ಮಕ್ಕಳನ್ನು ಪಕ್ಕದ ಮನೆಗೆ ಕಳಿಸುವುದು, ‘ಅಜ್ಜ ಊರಿಗೆ ಹೋಗಿದ್ದಾರೆ’ ಎನ್ನುವುದು ಎಷ್ಟೋ ಕಡೆ ನಡೆದುಬಂದ ಪದ್ಧತಿ. ಮಗು ನಂಬಿದಂತೆ ಇರುತ್ತದೆ. ಪ್ರಶ್ನೆ ಮಾತ್ರ ಒಳಗೇ ಉಳಿಯುತ್ತದೆ. ಹಾಗೆಂದು ಮೆಕ್ಸಿಕೋದ ತಾಯಿಗೆ ಸಂಕಟವಿಲ್ಲವೆಂದಲ್ಲ. ನವೆಂಬರ್ 1ರಂದು ಮಗುವಿನ ಆಟಿಕೆಯನ್ನು ಮೇಜಿನ ಮೇಲಿಡುವಾಗ ಅವಳ ಕಣ್ಣಲ್ಲೂ ನೀರು ಬರುತ್ತದೆ. ಆದರೆ ಅಳುವವರ ಪಕ್ಕದಲ್ಲಿ ದಳ ಬಿಡಿಸುವ, ಮಣಿ ಪೋಣಿಸುವ ಕೆಲಸ ಮಕ್ಕಳಿಗೂ ಇರುತ್ತದೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿಗೆ ಕೇಳುವ ಧೈರ್ಯ ಬರುತ್ತದೆ: ‘ಇವರು ಯಾರು? ಹೇಗಿದ್ದರು?’

ಆ ಪ್ರಶ್ನೆ ಕಳೆದುಹೋದರೆ ಉಳಿಯುವುದು ಬರೀ ಸರಕು. 2013ರಲ್ಲಿ ಡಿಸ್ನಿ ಕಂಪೆನಿ ಒಂದು ಸಿನಿಮಾಕ್ಕಾಗಿ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿ, ಜನ ಸಿಡಿದೆದ್ದ ಮೇಲೆ ಹಿಂತೆಗೆದುಕೊಂಡಿತು. 2015ರ ಜೇಮ್ಸ್ ಬಾಂಡ್ ಚಿತ್ರಕ್ಕಾಗಿ ಕಲ್ಪಿಸಿದ ಮೆರವಣಿಗೆಯನ್ನು ಕಂಡು ಮೆಕ್ಸಿಕೋ ನಗರ 2016ರಿಂದ ನಿಜವಾಗಿಯೂ ಅಂಥ ಮೆರವಣಿಗೆ ಹೊರಡಿಸತೊಡಗಿತು. ಹಬ್ಬ ಬದಲಾಗುವುದರಲ್ಲಿ ತಪ್ಪಿಲ್ಲ. ಆದರೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾಗಿ ಬೀಳುವ ಪ್ಲಾಸ್ಟಿಕ್ ಬುರುಡೆಗೆ ಯಾರ ಹೆಸರೂ ಇರುವುದಿಲ್ಲ.

ಕೈಯಿಂದ ಮಾಡಿದ್ದರ ಬೆಲೆ ಇರುವುದು ಇಲ್ಲೇ. ಒಂದು ಮಣ್ಣಿನ ಮಣಿಗೆ ಬಣ್ಣ ಬಳಿಯಲು ಅರ್ಧ ಗಂಟೆ ಬೇಕಾದರೆ, ಆ ಅರ್ಧ ಗಂಟೆ ಹೋದವರೊಬ್ಬರ ಜೊತೆ ಕಳೆದದ್ದೇ. ಹಬ್ಬ ಮುಗಿದ ಮೇಲೆ ಹೂ ಬಾಡುತ್ತದೆ, ಸಕ್ಕರೆ ಕರಗುತ್ತದೆ, ವಸಂತದಲ್ಲಿ ಚಿಟ್ಟೆಗಳು ಉತ್ತರಕ್ಕೆ ಹೊರಡುತ್ತವೆ. ಓಲೆ ಮಾತ್ರ ಪೆಟ್ಟಿಗೆ ಸೇರಿ ಮುಂದಿನ ನವೆಂಬರ್‌ಗೆ ಕಾಯುತ್ತದೆ. ಎಂದೋ ಒಂದು ದಿನ ಅದು ಮಗಳ ಕಿವಿಗೆ ಬರುತ್ತದೆ. ಆಗ ಅದನ್ನು ಮಾಡಿದವಳ ಭಾವಚಿತ್ರವೂ ಆ ಮೇಜಿನ ಮೇಲಿರಬಹುದು. ಅವಳ ಬಗ್ಗೆ ಹೇಳಲು ಮಗಳಿಗೆ ಮಾತುಗಳಿರುತ್ತವೆ.