ಲೈಸನ್ಸ್ ಇರೋ ಬೆಟ್ಟಿಂಗ್ ಆ್ಯಪ್ ಯಾವ್ದತ್ತೆ?

ಐಪಿಎಲ್ ಬಂತು ಅಂದ್ರೆ ನಮ್ ಕೆ.ಎಂ.ದೊಡ್ಡಿ ಕಡೆ ಹುಡುಗ್ರ ಕಣ್ಣು ಟೀವಿ ಮೇಲೂ ಇರಲ್ಲ, ಊಟದ್ ತಟ್ಟೆ ಮೇಲೂ ಇರಲ್ಲ, ಮೊಬೈಲ್ ಮೇಲೇ. (ಬೋರ್ಡಲ್ಲಿ ಭಾರತೀನಗರ ಅಂತಿದ್ರೂ ನಮ್ ಬಾಯಿಗೆ ಬರೋದು ದೊಡ್ಡೀನೇ, ಹಂಗೇ ಬರೀತೀನಿ.) ಮೊದ್ಲೆಲ್ಲ ಜೂಜು ಅಂದ್ರೆ ಕಣ್ಗೆ ಕಾಣೋದು. ಹಬ್ಬದಲ್ಲಿ ತೋಟದ ಮನೇಲಿ ಅಂದರ್ ಬಾಹರ್, ಬೀಡಿ ಅಂಗಡಿ ತಾವ ಮಟ್ಕಾ ಚೀಟಿ. ಲಾಟ್ರಿ ಇತ್ತು, ಅದ್ನ 2007ರಲ್ಲಿ ನಮ್ ರಾಜ್ಯದಲ್ಲಿ ನಿಲ್ಸುದ್ರು. ಆಗ ಗಂಡ ಎಲ್ಲೋದ ಅಂತ ಹುಡಿಕ್ಕಂಡಾದ್ರೂ ಹೋಗ್ಬೋದಾಗಿತ್ತು. ಈಗ ಪಕ್ಕದಲ್ಲೇ ಕುಂತಿರ್ತನೆ, ಎಷ್ಟು ಸೋತ ಅಂತ ಉಸಿರೂ ಗೊತ್ತಾಗಲ್ಲ.

ನಮ್ಮಣ್ಣನ ಮಗ ಒಂದಿನ ಬಂದು ಮೆತ್ತಗೆ ಕೇಳ್ದ. "ಅತ್ತೆ, ನೀವು ಪೇಪರ್ ಓದ್ತೀರಲ್ಲ, ಲೈಸನ್ಸ್ ಇರೋ ಬೆಟ್ಟಿಂಗ್ ಆ್ಯಪ್ ಯಾವ್ದು? ಕಳ್ ಆ್ಯಪಲ್ಲಿ ಆಡ್ಬಾರ್ದು, ಸರ್ಕಾರದ್ ಪರ್ಮಿಶನ್ ಇರೋದ್ರಲ್ಲಿ ಆಡ್ಬೇಕು ಅಂತವ್ರೆ ಫ್ರೆಂಡ್ಸು." ಹುಡುಗ ಕೇಳಿದ್ದು ಒಳ್ಳೇ ಪ್ರಶ್ನೇನೇ. ಉತ್ತರ ಮಾತ್ರ ಬಲೇ ಚಿಕ್ಕದು. ಕ್ರಿಕೆಟ್ ಮೇಲೆ ದುಡ್ಡು ಕಟ್ಟೋಕೆ ಅಂಥಾ ಒಂದು ಆ್ಯಪೂ ಇಲ್ಲ ಕನ್ಲಾ ಅಂದೆ.

ನಂಬ್ಲಿಲ್ಲ. ನಂಬೋದು ಕಷ್ಟಾನೇ, ಯಾಕಂದ್ರೆ ಈ ಕಾನೂನು ನಮ್ಮಲ್ಲಿ ಒಂದ್ ಕಡೆ ನಿಂತಿಲ್ಲ. ಬುಕ್ಕಿ ತಾವ ಬಾಜಿ ಕಟ್ಟೋದು 1963ರ ಕರ್ನಾಟಕ ಪೊಲೀಸ್ ಕಾಯ್ದೇಲೇ ತಪ್ಪು. 2021ರಲ್ಲಿ ನಮ್ ಸರ್ಕಾರ ಆನ್‌ಲೈನ್ ಆಟಾನೂ ಅದ್ರೊಳಕ್ಕೆ ಸೇರ್ಸ್ತು, 2022ರ ಫೆಬ್ರವರೀಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡ್ತು. ಟೀಮ್ ಕಟ್ಟಿ ದುಡ್ಡು ಹಾಕೋ ಡ್ರೀಮ್11 ಹೆಸ್ರು ಇಂಡಿಯಾ ಟೀಮಿನ ಎದೆ ಮೇಲೇ ಇತ್ತಲ್ಲ, ಹುಡುಗ್ರು ಇನ್ನೇನ್ ಅಂದ್ಕೋಬೇಕು? ಆಮೇಲೆ 2025ರ ಆಗಸ್ಟಲ್ಲಿ ಕೇಂದ್ರ ಸರ್ಕಾರವೇ ಕಾನೂನು ತಂತು. ಪಾರ್ಲಿಮೆಂಟಲ್ಲಿ ಎರಡು ದಿನದಲ್ಲಿ ಪಾಸಾಗಿ, 22ನೇ ತಾರೀಕು ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ, ಬುದ್ಧಿದಾದ್ರೂ ಸೈ ಅದೃಷ್ಟದ್ದಾದ್ರೂ ಸೈ, ನಡ್ಸೋನ್ಗೆ 3 ವರ್ಷದ್ ತಂಕ ಜೈಲು, 1 ಕೋಟಿ ತಂಕ ದಂಡ. ಜಾಹೀರಾತು ಮಾಡೋನ್ಗೆ 2 ವರ್ಷ, 50 ಲಕ್ಷ. ಆಡ್ದೋನ್ಗೆ ಆ ಕಾನೂನಲ್ಲಿ ಶಿಕ್ಷೆ ಇಟ್ಟಿಲ್ಲ, ಅವನು ಮೋಸ ಹೋದೋನು ಅಂತ ಲೆಕ್ಕ. ಡ್ರೀಮ್11ನೋರು ಆ ವಾರವೇ ದುಡ್ಡಿನಾಟ ನಿಲ್ಸುದ್ರು, ಜೆರ್ಸಿ ಮೇಲಿನ್ ಹೆಸ್ರೂ ಹೋಯ್ತು. ಕೆಲವು ಕಂಪ್ನಿಯೋರು ಕೋರ್ಟಿಗೂ ಹೋದ್ರು.

"ಮತ್ತೆ ಇದ್ರಲ್ಲಿ ಕುರಸಾವೋ ಲೈಸನ್ಸ್ ಅಂತದಲ್ಲ ಅತ್ತೆ?" ಅಂತ ಫೋನ್ ತೋರ್ಸ್ದ. ಕುರಸಾವೋ ಅನ್ನೋದು ಸಮುದ್ರದಾಚೆ ವೆನೆಜುವೆಲಾ ಹತ್ರ ಇರೋ ಒಂದು ದ್ವೀಪ. ಅಲ್ಲಿ ಕೊಟ್ಟ ಚೀಟಿ ಮದ್ದೂರಲ್ಲಿ ನಡೆಯಲ್ಲ. ನಿನ್ ದುಡ್ಡು ಮುಳುಗುದ್ರೆ ದೂರು ಕೊಡೋಕೆ ಅಲ್ಲಿಗೋಯ್ತೀಯೇನ್ಲಾ ಅಂದ್ರೆ ನಕ್ಕ.

ಲೈಸನ್ಸ್ ಇರೋ ಬಾಜಿ ನಮ್ ರಾಜ್ಯದಲ್ಲಿ ಇರೋದು ಕುದ್ರೆ ಮೇಲೆ. ಬೆಂಗ್ಳೂರಲ್ಲೂ ಮೈಸೂರಲ್ಲೂ ರೇಸ್ ಕೋರ್ಸ್ ಅವೆ, 1952ರ ಲೈಸನ್ಸ್ ಕಾಯ್ದೆ ಅದೆ. ಕುದ್ರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು. ಹಂಗಂತ ಅಲ್ಲಿ ಮನೆ ಉದ್ಧಾರ ಆಯ್ತದೆ ಅಂತಲ್ಲ. ಗೆದ್ದಿದ್ಕೆ ಶೇಕಡ 30 ಆದಾಯ ತೆರಿಗೆ, ಸೋತಿದ್ನ ಅದ್ರಲ್ಲಿ ಕಳೆಯಂಗಿಲ್ಲ. ಜೊತೆಗೆ ಜಿಎಸ್‌ಟಿ, 2025ರ ಸೆಪ್ಟೆಂಬರಿಂದ ಅದೂ ಶೇಕಡ 40.

ಲೆಕ್ಕಾನ ನಾನು ಅಡ್ಗೆಮನೆ ಕ್ಯಾಲೆಂಡರ್ ಹಿಂದೆ ಬರ್ದು ತೋರ್ಸ್ದೆ. ಎರಡು ಟೀಮೂ ಸಮಸಮ ಅನ್ಕೋ. ಸಾವಿರ ಕಟ್ಟಿ ಗೆದ್ರೆ ಬುಕ್ಕಿ 1900 ವಾಪಸ್ ಕೊಡ್ತನೆ, 2000 ಅಲ್ಲ. ಹತ್ತು ಮ್ಯಾಚಿಗೆ ಹತ್ತು ಸಾವಿರ ಕಟ್ಟಿ, ಐದು ಗೆದ್ದು ಐದು ಸೋತ್ರೆ ಕೈಗೆ ಬರೋದು 9500. ಯಾವ ಮೋಸಾನೂ ಮಾಡ್ದೆ 500 ಅವ್ನ ಜೇಬಿಗೋಯ್ತು. ಆಲೆಮನೇಲಿ ಕಬ್ಬು ಒಂದೊಂದ್ ಸಲ ಹಿಂಡುದ್ರೂ ರಸ ಬೀಳೋದು ಕೊಪ್ಪರಿಗೇಗೇ ತಾನೆ.

ಆಗ ಬಾಯ್ಬುಟ್ಟ. ಟೆಲಿಗ್ರಾಂ ಲಿಂಕಿಂದ ಒಂದು ಆ್ಯಪ್ ಹಾಕ್ಕಂಡು ಆಗ್ಲೇ 500 ಕಟ್ಟವ್ನೆ. ಮೊದ್ಲು 200 ಗೆದ್ದಿದ್ದು ಅಕೌಂಟಿಗೇ ಬಂದಿತ್ತಂತೆ. ಈಗ ಸ್ಕ್ರೀನಲ್ಲಿ 11,000 ತೋರುಸ್ತದೆ, ತಗೊಳ್ಳೋಕೋದ್ರೆ "ಮೊದ್ಲು ಟ್ಯಾಕ್ಸ್ 3,300 ಕಟ್ಟಿ" ಅಂತದೆ. ಅದ್ಕೆ ಅವ್ರವ್ವನ್ ಹತ್ರ ಹಾಲಿನ್ ಬಟವಾಡೆ ದುಡ್ಡು ಕೇಳವ್ನೆ. ನಾನಂದೆ, ನಿಜವಾದ ತೆರಿಗೆ ಗೆದ್ದ ದುಡ್ಡಲ್ಲೇ ಹಿಡ್ಕಂಡು ಉಳಿದಿದ್ದು ಕೊಡ್ತರೆ. ಮುಂಚೆ ಕಟ್ಟು ಅಂದ್ರೆ ಆ ಹನ್ನೊಂದು ಸಾವಿರ ಬರೀ ಅಕ್ಷರ, 3,300 ಮಾತ್ರ ನಿಜ. ಇನ್ನೊಂದು ನೋಡು, ಪ್ರತಿ ಸಲ ದುಡ್ಡು ಹಾಕೋಕೆ ಬೇರೆ ಬೇರೆ ಯುಪಿಐ, ಬೇರೆ ಬೇರೆ ಹೆಸ್ರು. ನ್ಯಾಯವಾದ ಕಂಪ್ನಿ ದಿನಾ ಹೆಸ್ರು ಬದ್ಲಾಯಿಸ್ತದಾ?

ಅಕ್ಕಂದಿರೇ, ಈ ಬೇರೆ ಬೇರೆ ಹೆಸ್ರು ಯಾರ್ದು ಅಂತೀರಾ? ನಮ್ಮಂಥೋರ್ದೇ. "ಪಾಸ್‌ಬುಕ್ಕು, ಎಟಿಎಂ, ಸಿಮ್ಮು ಕೊಡಿ, ತಿಂಗ್ಳಿಗೆ ಇಷ್ಟು ಕೊಡ್ತೀವಿ" ಅಂತ ಬಾಡ್ಗೆಗೆ ಈಸ್ಕಂತರೆ. ಎಲ್ಲೋ ಯಾರೋ ದೂರು ಕೊಟ್ರೆ ಬೇರೆ ರಾಜ್ಯದ್ ಪೊಲೀಸ್ರು ಖಾತೆ ತಡೆ ಹಿಡೀತರೆ. ಆಗ ಅದ್ರಲ್ಲಿರೋ ಗೃಹಲಕ್ಷ್ಮಿ 2000ವೂ ಇಲ್ಲ, ಕಬ್ಬಿನ್ ಬಿಲ್ಲೂ ಇಲ್ಲ, ಸಂಘದ್ ಕಂತು ಕಟ್ಟೋ ದಿನ ಬಾಯ್ ಬಾಯ್ ಬಿಡ್ಬೇಕು. ನಮ್ಮತ್ತಿಗೆಗೂ ಇದನ್ನೇ ಹೇಳ್ದೆ. "ಅಯ್ಯೋ ಅಮ್ಮಿ, ಮೊನ್ನೆ ಇವ್ನು ನನ್ ಆಧಾರ್ ಕಾರ್ಡ್ ಕೇಳ್ತಿದ್ದ" ಅಂದ್ಲು. ಇಬ್ರೂ ಹುಡುಗನ್ ಮಕ ನೋಡುದ್ವು. ಕೊಟ್ಟಿರ್ಲಿಲ್ಲ, ಪುಣ್ಯ.

ಬೈಯ್ಲಿಲ್ಲ ನಾವು. ಬೈದ್ರೆ ಮುಂದಿನ್ ಸಲ ಮುಚ್ಚಿಡ್ತನೆ, ಮುಚ್ಚಿಡೋಕೇ ಸಾಲದ ಆ್ಯಪಿಗೆ ಹೋಗೋದು, ಆಮೇಲೆ ವಾಲೆ ಜುಮ್ಕಿ ಗಿರವಿ ಅಂಗಡಿಗೆ. ಸುಮ್ನೆ ಕೂರ್ಸ್ಕಂಡು 1930ಕ್ಕೆ ಫೋನ್ ಮಾಡ್ಸುದ್ವು, ಸೈಬರ್ ದೂರಿನ್ ನಂಬರು ಅದು, ದುಡ್ಡು ಹೋದ ತಕ್ಷಣ ಮಾಡುದ್ರೆ ತಡೆಯೋಕೆ ಆಗೋದೂ ಉಂಟು. ಆಟ ಬುಡೋಕೆ ಆಯ್ತಿಲ್ಲ, ರಾತ್ರಿ ನಿದ್ದೆ ಬರ್ತಿಲ್ಲ ಅನ್ನೋ ಮಕ್ಳಿದ್ರೆ 14416 ಟೆಲಿ ಮಾನಸ್, ದುಡ್ಡಿಲ್ದೆ ಕನ್ನಡದಲ್ಲೇ ಮಾತಾಡ್ತರೆ.

500 ಇನ್ನೂ ಬಂದಿಲ್ಲ. ಅತ್ತಿಗೆ ಮಾರ್ನೇ ದಿನ ಬ್ಯಾಂಕಿಗೋಗಿ ಪಾಸ್‌ಬುಕ್ ಎಂಟ್ರಿ ಮಾಡುಸ್ಕಂಡು, ಯುಪಿಐ ಪಿನ್ ಬದ್ಲಾಯಿಸ್ಕಂಡು ಬಂದ್ಲು. ಹೊಸ ಪಿನ್ನು ಮಗನ್ಗೆ ಹೇಳಿಲ್ಲ.