ಲೇಖನಿ ನಿಂತ ಜಾಗ

ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳಿರಬೇಕೆಂದು 30 ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನು ನಾನು. ಖಾಲಿ ಹಾಳೆಯ ಮುಂದೆ ಪೆನ್ನಿನ ತುದಿ ಕಚ್ಚುತ್ತ ಕುಳಿತ ಹುಡುಗರನ್ನು "ಏನಾದರೂ ಬರೆಯಿರೋ" ಎಂದು ಗದರಿಸಿದ್ದೂ ಉಂಟು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅದು ನೆನಪಿರಬಹುದು.

ಕಳೆದ ವರ್ಷ ಅದೇ ಗತಿ ನನಗೂ ಬಂತು. ಅಕ್ಕ ತೀರಿಕೊಂಡಿದ್ದಳು. ವರ್ಷಾಬ್ದಿಕದ ಹೊತ್ತಿಗೆ ಒಂದು ನೆನಪಿನ ಪುಸ್ತಿಕೆ ತರಬೇಕೆಂದು ಅವಳ ಮಕ್ಕಳು ನಿಶ್ಚಯಿಸಿ, "ಮಾವ, ಮೊದಲ ಲೇಖನ ನಿಮ್ಮದೇ" ಎಂದರು. ನಾನು ಬಿ.ಎಡ್. ಓದುವಾಗ ಹಾಲು ಮಾರಿದ ದುಡ್ಡಿನಲ್ಲಿ ತಿಂಗಳಿಗೆ 40 ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದವಳು ಆಕೆ. ವಿಷಯಕ್ಕೇನು ಕೊರತೆ? ಆದರೂ ಎರಡು ತಿಂಗಳ ಕಾಲ "ನಮ್ಮ ಅಕ್ಕ ತ್ಯಾಗಮಯಿ" ಎಂಬ ಒಂದೇ ವಾಕ್ಯವನ್ನು ಬರೆಯುವುದು, ಹೊಡೆದುಹಾಕುವುದು, ಇಷ್ಟೇ ಆಯಿತು.

ಅಭ್ಯಾಸಬಲದಿಂದ ಇದು ನೀಗೀತೆಂದು ಭಾವಿಸಿದೆ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೋಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ, ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನೆಂದು 1883ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿದೆ. ನಾನೂ ಗಡಿಯಾರವಿಟ್ಟುಕೊಂಡು ಕುಳಿತೆ. ಗಡಿಯಾರ ಓಡಿತು, ಲೇಖನಿ ಓಡಲಿಲ್ಲ.

ಕೊನೆಗೊಂದು ಬೆಳಗ್ಗೆ, ತರಗತಿಯಲ್ಲಿ ಕಲಿಸುತ್ತಿದ್ದ ಪತ್ರಲೇಖನದ ಕ್ರಮದಲ್ಲಾದರೂ ತೊಡಗೋಣವೆಂದು, "ಮಾತೃಸಮಾನಳಾದ ಅಕ್ಕನಿಗೆ ತಮ್ಮನು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ" ಎಂದು ಬರೆದೆ. ಮುಂದೆ ರೂಢಿಯಂತೆ "ನಿನ್ನ ಕ್ಷೇಮಕ್ಕೆ ಪತ್ರ ಬರೆ" ಎನ್ನಬೇಕು. ಕೈ ನಿಂತಿತು. ಪತ್ರ ಬರೆಯಬೇಕಾಗಿದ್ದವನು ನಾನು!

ಕಿವಿ ಮಂದವಾದ ಮೇಲೆ ಅಕ್ಕ ಫೋನು ಬಿಟ್ಟು ಕಾಗದಕ್ಕೇ ಮರಳಿದ್ದಳು. "ಸಂಡಿಗೆ ಒಣಗಿಸಿಟ್ಟಿದ್ದೇನೆ, ಒಮ್ಮೆ ಬಂದು ಹೋಗು" ಎಂದಿದ್ದ ಅವಳ ಕೊನೆಯ ಇನ್‌ಲ್ಯಾಂಡ್ ಪತ್ರ ಮೂರು ವಾರ ನನ್ನ ಮೇಜಿನ ಮೇಲಿತ್ತು. ನಾಳೆ ಬರೆದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಳ್ಳುತ್ತಿರುವಾಗಲೇ ಅವಳು ಹೊರಟುಹೋದಳು.

ಈ ಸಂಗತಿಯನ್ನು ನನ್ನ ಪತ್ನಿಗೂ ಹೇಳಿರಲಿಲ್ಲ. ಅಂದು ಅದನ್ನೇ ಮೊದಲು ಬರೆದೆ. ಬಳಿಕ ಮನಿಯಾರ್ಡರು, ಕೊಟ್ಟಿಗೆಯ ಕಂಬದ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಿದ್ದ ಹಾಲಿನ ಲೆಕ್ಕ, ಎಲ್ಲವೂ ಒಂದರ ಹಿಂದೊಂದು ಬಂದವು. ಮಧ್ಯಾಹ್ನದ ಊಟದ ಹೊತ್ತಿಗೆ ಆರು ಪುಟಗಳಾಗಿದ್ದವು.

ಅದನ್ನೋದಿದ ಹಿರಿಯ ಸೋದರಳಿಯ ತುಸು ಹೊತ್ತು ಸುಮ್ಮನಿದ್ದು, "ಆ ಸಂಡಿಗೆ ಡಬ್ಬಿಯ ಮೇಲೆ ನಿಮ್ಮ ಹೆಸರು ಬರೆದು ಅಂಟಿಸಿದ್ದಳು, ಮಾವ. ನಮಗೆ ಯಾರಿಗೂ ಮುಟ್ಟಲು ಬಿಡಲಿಲ್ಲ" ಎಂದ.

ಹೇಳಲು ಏನೂ ಇಲ್ಲದಾಗ ಮಾತ್ರ ಲೇಖನಿ ನಿಲ್ಲುತ್ತದೆಂದು ತಿಳಿದಿದ್ದೆ. ಹೇಳಬೇಕಾದುದನ್ನು ಬದಿಗೊತ್ತಿ ಬೇರೇನನ್ನೋ ಹೇಳಹೊರಟಾಗಲೂ ಅದು ನಿಲ್ಲುತ್ತದೆ. ಅಂದು ನಾನು ಗದರಿಸಿದ ಹುಡುಗರೇ, ನಿಮ್ಮ ಮನಸ್ಸಿನಲ್ಲಿ ಏನಿತ್ತೋ, ನಾನು ಕೇಳಲಿಲ್ಲ. ಕ್ಷಮೆಯಿರಲಿ. ಉತ್ತರ ಬರೆಯಬೇಕಾದ ಕಾಗದವೊಂದು ನಿಮ್ಮ ಮೇಜಿನ ಮೇಲಿದ್ದರೆ, ದಯವಿಟ್ಟು ಇಂದೇ ಬರೆಯಿರಿ.